ಸೋರಬೇಕಾಗಿದ್ದ ಚಟ್ಟಿಗಳು

ಮೂಡುಬಿದಿರೆಯ ಶಾಲೆಯೊಂದರಲ್ಲಿ ಎರಡು ದಿನ ಮಕ್ಕಳಿಗೆ ಮಣ್ಣಿನ ಆನೆ ಮಾಡಿಸಿ, ಗುರುವಾರ ಮಧ್ಯಾಹ್ನ ಕದ್ರಿಗೆ ಮರಳಿದ ರಿಝ್ವಾನಾಳಿಗೆ ತನ್ನ ಸ್ಟುಡಿಯೋದ ಬಾಗಿಲು ತೆರೆದ ಕೂಡಲೇ ಹಸಿವಾಯಿತು. ಹೊಟ್ಟೆ ತುಂಬ ಉಂಡುಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಮೂಗಿನಿಂದ ಒಮ್ಮೆ ಉದ್ದಕ್ಕೆ ಗಾಳಿ ಎಳೆದಳು. ಹಸಿ ಮಣ್ಣಿನ ವಾಸನೆ ಬರಬೇಕಾದ ಕೋಣೆಯಲ್ಲಿ ಕಾದ ತೆಂಗಿನೆಣ್ಣೆ, ಹುರಿದ ಈರುಳ್ಳಿ, ಅದರ ಹಿಂದೆ ತೆಳ್ಳಗೆ ಕುಚ್ಚಲಕ್ಕಿ ಗಂಜಿಯ ಪರಿಮಳ. ಯಾರೋ ಇಲ್ಲೇ ಊಟ ಮಾಡಿರಬೇಕು ಎಂದುಕೊಂಡು ಕಿಟಕಿ ತೆರೆದಳು.

ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ಈ ಹಂಚಿನ ಮನೆಯ ಹೆಸರು 'ಆವೆ'. ಒಂದು ಟ್ರಸ್ಟ್ ಅದನ್ನು ಕಲಾವಿದರಿಗೆ ಮೂರು ತಿಂಗಳ ಮಟ್ಟಿಗೆ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಕಲಾವಿದರು ತಮ್ಮ ಕೆಲಸ ಮಾಡಿಕೊಳ್ಳಬಹುದು. ವಾರಕ್ಕೆ ಮೂರು ಮಧ್ಯಾಹ್ನ ಊರಿನವರಿಗೆ ಕಲಿಸಬೇಕು, ನಡುನಡುವೆ ಹೊರಗಿನ ಶಾಲೆಗಳಿಗೂ ಹೋಗಿ ಬರಬೇಕು. ಕೊನೆಯ ಭಾನುವಾರ ಪ್ರದರ್ಶನ. ಅದನ್ನು ನೋಡಿ ಸಮಿತಿಯವರು ಆ ತಂಡದ ಇಬ್ಬರಲ್ಲಿ ಒಬ್ಬರಿಗೆ ಇನ್ನೊಂದು ಪೂರ್ತಿ ವರ್ಷ ಸ್ಟುಡಿಯೋ ಮತ್ತು ಮಣ್ಣು ಸುಡುವ ವಿದ್ಯುತ್ ಕುಲುಮೆಯನ್ನು ಕೊಡುತ್ತಾರೆ.

ಆ ಇಬ್ಬರಲ್ಲಿ ಒಬ್ಬ ರೂಬನ್. ಬಟ್ಟೆಯ ಮೇಲೆ ಅಚ್ಚು ಹಾಕುತ್ತಾನೆ; ತನ್ನ ಶಿಷ್ಯರ ಫೋಟೋ ತೆಗೆಯದೆ ಒಂದು ದಿನವೂ ಕಳೆದವನಲ್ಲ. ಇನ್ನೊಬ್ಬಳು ರಿಝ್ವಾನಾ. ವಯಸ್ಸು ಮೂವತ್ತೊಂದು, ರಸಾಯನಶಾಸ್ತ್ರದ ಪದವೀಧರೆ, ಬೈಕಂಪಾಡಿಯ ಪೈಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಆರು ವರ್ಷ ಬಣ್ಣ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನೋಡುತ್ತ ಕುಳಿತವಳು. ಲ್ಯಾಬಿನ ಮುಖ್ಯಸ್ಥ ಅಯ್ಯೂಬ್ ಸರ್ ಅವಳ ಕುರ್ಚಿಯನ್ನು ಒಂದನೇ ತಾರೀಕಿನವರೆಗೆ ಖಾಲಿ ಇಟ್ಟಿದ್ದರು. ಆ ಒಂದು ವರ್ಷ ಸಿಗದಿದ್ದರೆ ಅದೇ ಕುರ್ಚಿಗೆ ವಾಪಸಾಗುತ್ತೇನೆ ಎಂದು ಅವಳು ತಾಯಿ ಮೈಮೂನಾರಿಗೆ ತಾನಾಗಿಯೇ ಮಾತು ಕೊಟ್ಟಿದ್ದಳು. ತಾಯಿ ಆಗ "ಹೂಂ" ಎಂದಿದ್ದರು, ಅಷ್ಟೆ. ಅದು ಒಪ್ಪಿಗೆಯ ಹೂಂ ಎಂದೇ ಅವಳು ತಿಳಿದಿದ್ದಳು.

ಪ್ರದರ್ಶನಕ್ಕೆ ಅವಳು ಮಾಡಿಕೊಂಡಿದ್ದ ಕೆಲಸ ಇದು. ಮಣ್ಣಿಗೆ ಮರದ ಹುಡಿ ಬೆರೆಸಿ ಚಟ್ಟಿ ಮಾಡುವುದು. ಕುಲುಮೆಯಲ್ಲಿ ಹುಡಿ ಉರಿದುಹೋಗಿ ಅದರ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹುಡಿ ಹೆಚ್ಚಾದಷ್ಟು ತೂತು ಹೆಚ್ಚು, ತೂತು ಹೆಚ್ಚಾದಷ್ಟು ಸೋರಿಕೆ ಹೆಚ್ಚು. ಶೇಕಡಾ ಎರಡರಿಂದ ಹನ್ನೆರಡರವರೆಗೆ ಬೇರೆಬೇರೆ ಪ್ರಮಾಣದ ಇಪ್ಪತ್ತನಾಲ್ಕು ಚಟ್ಟಿಗಳನ್ನು ನೀರು ತುಂಬಿಸಿ ಮಾಡಿನ ಜಂತಿಗೆ ತೂಗುಹಾಕಿದರೆ, ಒಂದೊಂದೂ ತನ್ನದೇ ವೇಗದಲ್ಲಿ ಕೆಳಗಿನ ಸ್ಟೀಲ್ ತಟ್ಟೆಗೆ ಹನಿ ಬೀಳಿಸಬೇಕು. ಇಡೀ ಕೋಣೆ ಟಿಕ್, ಟಕ್, ಟಿಣ್ ಎನ್ನಬೇಕು. ಯಾವ ಚಟ್ಟಿ ನಿಮಿಷಕ್ಕೆ ಎಷ್ಟು ಹನಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆ ಕೆಲಸದ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಮುಗಿಯದ ಪ್ರಯೋಗದ ಬಗ್ಗೆ ಮಾತಾಡಬಾರದು ಎಂಬುದು ಅವಳ ಲ್ಯಾಬಿನ ಅಭ್ಯಾಸ.

ಮಧ್ಯಾಹ್ನದ ತರಗತಿಯಲ್ಲಿ ಒಂಬತ್ತು ಹೆಂಗಸರು. ಅವರ ನಾಯಕಿ ಶಕ್ತಿನಗರದ ಗ್ಲ್ಯಾಡಿಸ್, ಕುವೈತಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಜಲಜಕ್ಕ ಕದ್ರಿಯವರೇ, ಕೇಂದ್ರದ ಹಿಂದಿನ ಓಣಿಯಿಂದ ಬರುತ್ತಾರೆ. ಎರಡನೇ ವಾರದಿಂದ ಮೈಮೂನಾರೂ ತೊಕ್ಕೊಟ್ಟಿನಿಂದ ಬಸ್ಸು ಹತ್ತಿ ಬರತೊಡಗಿದ್ದರು. "ಮಗಳು ಎಂತ ಮಾಡ್ತಾಳೆ ನೋಡಿ ಹೋಗ್ತೇನೆ" ಎಂದು ಬಂದವರು ಹೋಗಲೇ ಇಲ್ಲ. ತಾಯಿ ಮಗಳು ಮನೆಯಲ್ಲಿ ಬ್ಯಾರಿ ಮಾತಾಡಿದರೂ ತರಗತಿಯಲ್ಲಿ ಎಲ್ಲರ ಹಾಗೆ ಕನ್ನಡ. ಅಲ್ಲಿ ಮಗಳನ್ನು ಅವರು 'ಟೀಚರೇ' ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆಚ್ಚೇ ಗೌರವದಿಂದ.

ಗುರುವಾರ ರಿಝ್ವಾನಾ ಕಿಟಕಿ ತೆರೆದ ಮೇಲೆ ಮೊದಲು ಮಾಡಿದ್ದು ಚಟ್ಟಿಗಳನ್ನು ಎಣಿಸುವುದು. ಇಪ್ಪತ್ತೆರಡು ಇದ್ದವು. ಮತ್ತೆ ಎಣಿಸಿದಳು. ಇಪ್ಪತ್ತೆರಡೇ. ಅವುಗಳ ಬಣ್ಣವೂ ಹೋಗುವಾಗ ಇದ್ದಂತಿರಲಿಲ್ಲ. ತಿಳಿ ಇಟ್ಟಿಗೆ ಬಣ್ಣ ಹೋಗಿ ಹದವಾದ ಕಂದು, ಕೆಲವಕ್ಕೆ ಅಡಿಯಲ್ಲಿ ಕಪ್ಪು. ಸೋಮವಾರ ಹೊರಡುವಾಗ ಅವಳು ಗ್ಲ್ಯಾಡಿಸರಿಗೆ ಒಂದೇ ಒಂದು ಕೆಲಸ ಹೇಳಿದ್ದಳು: "ಮಂಗಳವಾರ ಬೆಳಿಗ್ಗೆ ಎಲ್ಲದಕ್ಕೂ ನೀರು ತುಂಬಿಸಿಡಿ ಆಂಟಿ, ನೆನೀಬೇಕು."

ಅವಳು ನಾಲ್ಕು ಚಟ್ಟಿಗೆ ನೀರು ತುಂಬಿಸಿ, ತೂಗುಹಾಕಿ, ಗಡಿಯಾರ ಹಿಡಿದು ಸ್ಟೂಲಿನ ಮೇಲೆ ಕುಳಿತಳು. ಅಷ್ಟರಲ್ಲಿ ತರಗತಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲ ಬಳಿ ನಿಂತರು. ಯಾರೂ ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಹತ್ತು ನಿಮಿಷ ಕಳೆಯಿತು. ಒಂದೂ ಹನಿ ಬೀಳಲಿಲ್ಲ.

ಗಾಳಿಯಲ್ಲಿ ತೇವ ಹೆಚ್ಚಾಯಿತೇ ಎಂದು ಯೋಚಿಸಿದಳು. ಏಪ್ರಿಲಿನ ಮಂಗಳೂರಿನಲ್ಲಿ ಅದು ಯಾವಾಗ ಕಡಿಮೆಯಿತ್ತು? ನೀರಿನಲ್ಲಿ ಕೆಸರಿದ್ದು ತೂತು ಕಟ್ಟಿತೇ? ಹಾಗಾದರೆ ನಾಲ್ಕೂ ಒಟ್ಟಿಗೆ ಕಟ್ಟಬಾರದು. ಐದನೆಯ ಚಟ್ಟಿಯನ್ನು ಖಾಲಿಯಾಗಿಯೇ ತಕ್ಕಡಿಯಲ್ಲಿಟ್ಟಳು. ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕಿಂತ ಹದಿನೇಳು ಗ್ರಾಂ ಹೆಚ್ಚು ತೂಗಿತು. ಕೊನೆಗೆ ಅದನ್ನು ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು.

"ನೋಡಿ, ಅಳ್ತಾ ಇದ್ದಾಳೆ," ಎಂದು ಜಲಜಕ್ಕ ಮೆಲ್ಲಗೆ ಹೇಳಿದರು. "ಖುಷಿಗೆ."

"ಹೇಳ್ಬಾರ್ದು ಅಂತ ಮಾತಾಗಿತ್ತಲ್ವಾ," ಎಂದು ಗ್ಲ್ಯಾಡಿಸ್ ಗದರಿದರು.

"ನಾನೆಂತ ಹೇಳಿದೆ? ಅಳ್ತಾಳೆ ಅಂದೆ, ಅಷ್ಟೆ."

ರಿಝ್ವಾನಾ ತಿರುಗಿ ನೋಡಿದಳು. ಒಂಬತ್ತು ಮುಖಗಳಲ್ಲೂ ಒಂದೇ ಬಗೆಯ ತೃಪ್ತಿ. ತಾಯಿಯ ಮುಖದಲ್ಲಿ ಅದು ಇನ್ನೂ ಒಂದು ಪದರ ದಪ್ಪಗಿತ್ತು. "ಉಮ್ಮಾ, ನನ್ನ ಚಟ್ಟಿಗಳಿಗೆ ಎಂತ ಮಾಡಿದ್ದು?" ಎಂದು ಕೇಳಿದಳು.

ಆಗ ಸಂಗತಿ ಹೊರಬಿತ್ತು. ಮಂಗಳವಾರ ಗ್ಲ್ಯಾಡಿಸ್ ಹೇಳಿದಂತೆಯೇ ನೀರು ತುಂಬಿಸಿದ್ದರು. ಅರ್ಧ ಗಂಟೆಯಲ್ಲಿ ನೆಲವೆಲ್ಲ ಒದ್ದೆ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಸೋರುತ್ತಿದ್ದವು. ಒಂಬತ್ತು ಜನರೂ ಸುತ್ತ ನಿಂತು ನೋಡಿದರು. ಮೂರು ತಿಂಗಳು ಕೂತು ಮಾಡಿದ್ದು, ಭಾನುವಾರ ದೊಡ್ಡವರು ನೋಡಲು ಬರುವವರು, ಒಂದೂ ನೀರು ನಿಲ್ಲುವುದಿಲ್ಲ. ಮೈಮೂನಾ ಮೊದಲು ಬಾಯಿ ಬಿಟ್ಟರು: ಹೊಸ ಚಟ್ಟಿಯನ್ನು ಪಳಗಿಸದೆ ನೀರು ಹಾಕಿದರೆ ಸೋರದೆ ಮತ್ತೇನು, ಈ ಮಕ್ಕಳಿಗೆ ಕಾಲೇಜಿನಲ್ಲಿ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ. ಮೀನು ಸಾರು ಮಾಡುವ ಯಾವ ಮನೆಯಲ್ಲೂ ಇದು ಗೊತ್ತಿಲ್ಲದ ವಿಷಯವಲ್ಲ. ಹಾಗಾಗಿ ಎರಡು ದಿನ ಕೇಂದ್ರದ ಗ್ಯಾಸ್ ಒಲೆಯಲ್ಲೂ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟೂ ಕೆಲಸ ನಡೆಯಿತು. ಮೈಮೂನಾ ಗಂಜಿ ತಿಳಿ ಕುದಿಸಿ, ಮೇಲೆ ತೆಂಗಿನೆಣ್ಣೆ ಸವರಿ, ಕಾಯಿತುರಿ ಹುರಿದರು. ಗ್ಲ್ಯಾಡಿಸ್ ಅಕ್ಕಿ ತೊಳೆದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಗಂಜಿ ಬೇಯಿಸಿದರು. ಜಲಜಕ್ಕನದ್ದು ಈರುಳ್ಳಿ ಹುರಿಯುವ ಕ್ರಮ.

"ಎರಡು ಒಡೆಯಿತು," ಎಂದು ಗ್ಲ್ಯಾಡಿಸ್ ವರದಿ ಒಪ್ಪಿಸಿದರು. "ಬಾವಿಕಟ್ಟೆಯ ಹಿಂದೆ ಉಂಟು. ಉಳಿದ ಇಪ್ಪತ್ತೆರಡೂ ಸ್ಟೇಬಲ್."

"ನಿನಗೆ ಗೊತ್ತಾಗ್ಬಾರ್ದು ಅಂತಲೇ ಇದ್ದದ್ದು," ಎಂದರು ಮೈಮೂನಾ. "ಸೋರ್ತದೆ ಅಂತ ಗೊತ್ತಾದ್ರೆ ನಿನಗೆ ಬೇಜಾರಾಗ್ತದಲ್ಲ."

"ಸೋರ್ಬೇಕಿತ್ತು ಉಮ್ಮಾ."

"ಎಂತ?"

"ಸೋರ್ಲಿಕ್ಕೇ ಮಾಡಿದ್ದು. ಸೋರುವುದೇ ಕೆಲಸ."

ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚೇತರಿಸಿಕೊಂಡವರು ಜಲಜಕ್ಕ. "ಸೋರುವ ಚಟ್ಟಿ ಬೇಕಾದ್ರೆ ನಮ್ಮ ಮನೆಯಲ್ಲಿ ಎಷ್ಟು ಬೇಕಷ್ಟು ಉಂಟು ಮಾರಾಯ್ತಿ. ಹೇಳಿದ್ರೆ ತರ್ತಿದ್ದೆ."

ರಿಝ್ವಾನಾ ನಗುವ ಸ್ಥಿತಿಯಲ್ಲಿರಲಿಲ್ಲ. ಎಣ್ಣೆ ಮತ್ತು ಗಂಜಿಯ ಪಿಷ್ಟ ಅವಳ ತೂತುಗಳನ್ನೆಲ್ಲ ಮುಚ್ಚಿ ಸೀಲು ಹಾಕಿದ್ದವು. ಪೈಂಟ್ ಕಾರ್ಖಾನೆಯಲ್ಲಿ ಇಂಥ ಸೀಲು ಬರಿಸಲು ಒಂದು ಇಡೀ ವಿಭಾಗವೇ ಇತ್ತು.

"ಸೋಪು ಹಾಕಿ ತಿಕ್ಕಿದ್ರೆ?" ಎಂದರು ಗ್ಲ್ಯಾಡಿಸ್.

"ಮಣ್ಣಿನ ಚಟ್ಟಿಗೆ ಯಾರಾದ್ರೂ ಸೋಪು ಹಾಕ್ತಾರಾ?" ಮೈಮೂನಾರಿಗೆ ಅಪಚಾರವಾದಂತಾಯಿತು. "ಆಮೇಲೆ ಸಾರಿಗೆಲ್ಲ ಸೋಪಿನ ವಾಸನೆ."

"ಯಾವ ಸಾರು ಮೈಮೂನಕ್ಕ? ಇದರಲ್ಲಿ ಸಾರು ಮಾಡ್ಲಿಕ್ಕಿಲ್ಲ."

"ಇಲ್ಲದಿದ್ರೂ."

ಒಂದೇ ದಾರಿಯಿತ್ತು. ಚಟ್ಟಿಗಳನ್ನು ಮತ್ತೆ ಕುಲುಮೆಗೆ ಹಾಕಿ ಆರುನೂರು ಡಿಗ್ರಿಗೆ ಒಯ್ದರೆ ಎಣ್ಣೆ, ಗಂಜಿ ಎಲ್ಲ ಉರಿದು ತೂತುಗಳು ತೆರೆದುಕೊಳ್ಳುತ್ತವೆ. ಕುಲುಮೆ ಹಿಡಿಯುವುದು ಹನ್ನೆರಡನ್ನು. ನಿಧಾನವಾಗಿ ಏರಿಸಿ, ನಿಧಾನವಾಗಿ ತಣಿಸಲು ಎರಡು ದಿನ ಬೇಕು. ಅವಸರ ಮಾಡಿದರೆ ಸೀಳುತ್ತವೆ. ಭಾನುವಾರದೊಳಗೆ ಒಂದೇ ಸಲ ಸುಡಲು ಸಮಯ. ಅವಳು ಇದನ್ನೆಲ್ಲ ಹೇಳುತ್ತ ಹನ್ನೆರಡನ್ನು ಆರಿಸಿದಳು. ತಾವು ಎರಡು ದಿನ ಬೆವರು ಸುರಿಸಿ ಪಳಗಿಸಿದ ಚಟ್ಟಿಗಳನ್ನು ಆ ಹೆಂಗಸರೇ ಒಂದೊಂದಾಗಿ ಎತ್ತಿ ಕುಲುಮೆಯ ಬಾಯಿಗೆ ಕೊಟ್ಟರು. ಮೈಮೂನಾ ತಾನು ಪಳಗಿಸಿದ್ದೊಂದನ್ನು ಕೊಡುವಾಗ ಅದರ ಅಂಚನ್ನು ಒಮ್ಮೆ ಸೆರಗಿನಿಂದ ಒರೆಸಿದರು.

ಶುಕ್ರವಾರ ಬೆಳಿಗ್ಗೆ ಕುಲುಮೆ ಮುನ್ನೂರು ಡಿಗ್ರಿ ದಾಟಿದಾಗ ಹೊಗೆ ಶುರುವಾಯಿತು. ಅದು ಕಿಟಕಿಯಿಂದ ಹೊರಟು, ಗುಡ್ಡದ ಇಳಿಜಾರಿನ ಮನೆಗಳನ್ನು ಒಂದೊಂದಾಗಿ ದಾಟಿ, ಕೆಳಗಿನ ಆಫೀಸುಗಳನ್ನು ತಲುಪಿತು. ಯಾರ ಮನೆಯಲ್ಲಿ ಕಾಯಿ ಸೀದುಹೋಯಿತು ಎಂದು ಕೇಳಿಕೊಂಡು ಮೂವರು ಬಂದರು. ಕೇಂದ್ರದ ವ್ಯವಸ್ಥಾಪಕ ಚಿತ್ತರಂಜನರು ಆ ಮೂವರಿಗೂ "ಕಲೆ ನಡೀತಾ ಉಂಟು" ಎಂದು ಹೇಳಿ ಕಳಿಸಿದರು. ಅವರು ಯಾರ ಮನಸ್ಸನ್ನೂ ನೋಯಿಸದ ಮನುಷ್ಯ; ಇಬ್ಬರು ಕಲಾವಿದರಿಗೂ ಅದೇ ವರ್ಷ ಸಿಗಲಿ ಎಂದು ಬಯಸುತ್ತಿದ್ದರು.

ಶನಿವಾರ ಕುಲುಮೆ ತಣಿಯುವುದನ್ನು ಕಾಯುವುದರ ಹೊರತು ಮಾಡುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಕೂರಲಾರದೆ ರಿಝ್ವಾನಾ ಬೆಳಿಗ್ಗೆ ಹತ್ತಕ್ಕೆ ಉಳಿದ ಹತ್ತು ಚಟ್ಟಿಗಳಿಗೆ ನೀರು ತುಂಬಿಸಿ ತಕ್ಕಡಿಯಲ್ಲಿ ತೂಗಿದಳು. ಆರು ಗಂಟೆ ಬಿಟ್ಟು ಮತ್ತೆ ತೂಗಿದರೆ ಯಾವುದು ಎಷ್ಟು ಬಿಟ್ಟುಕೊಟ್ಟಿದೆ ಎಂದು ತಿಳಿಯುತ್ತದೆ. ಮೂರು ಗಂಟೆಗೆ ಹೆಂಗಸರು ಬಂದರು. ತಕ್ಕಡಿ ಯಾಕೆ ಎಂದು ಜಲಜಕ್ಕ ಕೇಳಿದರು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ರಿಝ್ವಾನಾ ತನ್ನ ನೋಟ್‌ಬುಕ್ ಅವರ ಮುಂದೆ ಬಿಡಿಸಿ, ಮರದ ಹುಡಿ, ತೂತು, ಹನಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೇಳಿ ಮುಗಿಸಲು ಏಳು ನಿಮಿಷ ಸಾಕಾಯಿತು.

"ನಮ್ಮ ಮನೆಯ ನೀರಿನ ಮಡಕೆ ಬೆವರ್ತದೆ, ಅದಕ್ಕೇ ನೀರು ತಣ್ಣಗೆ ಇರುವುದು," ಎಂದರು ಜಲಜಕ್ಕ. "ಇದೂ ಅದೇ ಅಲ್ವಾ? ಮೊದಲೇ ಹೇಳಿದ್ರೆ ನಾವು ಮುಟ್ತಾ ಇರ್ಲಿಲ್ಲ."

ನಾಲ್ಕು ಗಂಟೆಗೆ ಎರಡನೆಯ ತೂಕ. ಮೈಮೂನಾರ ಚಟ್ಟಿ ಕಳೆದುಕೊಂಡದ್ದು ನಾಲ್ಕು ಗ್ರಾಂ, ಅದೂ ಬಾಯಿಯಿಂದ ಆವಿಯಾದದ್ದಿರಬೇಕು. ಗ್ಲ್ಯಾಡಿಸರದ್ದು ಒಂಬತ್ತು. ಜಲಜಕ್ಕನದ್ದು ಇಪ್ಪತ್ತೊಂದು.

"ಈರುಳ್ಳಿ ಸಾಲ್ದು ಅಂತ ನಾನು ಅವತ್ತೇ ಹೇಳಿದ್ದೆ," ಎಂದರು ಮೈಮೂನಾ, ಗೆದ್ದವರ ವಿನಯದಿಂದ.

"ನಿಲ್ಲಿ ನಿಲ್ಲಿ," ಗ್ಲ್ಯಾಡಿಸ್ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟರು. "ಮೈಮೂನಕ್ಕನಿಗೆ ಸಿಕ್ಕಿದ್ದು ಮೂರು ಪರ್ಸೆಂಟಿನ ಚಟ್ಟಿ. ನನಗೆ ಕೊಟ್ಟದ್ದು ಹನ್ನೊಂದು ಪರ್ಸೆಂಟಿನದ್ದು. ನನ್ನ ಪೇಶೆಂಟ್ ಅಡ್ಮಿಟ್ ಆಗುವಾಗಲೇ ಸೀರಿಯಸ್."

ಆ ಮಾತು ವೈಜ್ಞಾನಿಕವಾಗಿ ಸರಿಯಾಗಿತ್ತು. ರಿಝ್ವಾನಾ ಹುಡಿಯ ಪ್ರಮಾಣವನ್ನೂ ಸೇರಿಸಿ ಹೊಸ ಕೋಷ್ಟಕ ಬರೆದಳು. ಗ್ಲ್ಯಾಡಿಸ್ ಮೊದಲ ಸ್ಥಾನಕ್ಕೆ ಏರಿದರು. ತನ್ನ ಮಗಳೇ ಹೀಗೆ ಮಾಡಿದಳಲ್ಲ ಎಂದು ಮೈಮೂನಾ ಉಳಿದ ಏಳು ಜನರ ಹತ್ತಿರವೂ ಪ್ರತ್ಯೇಕವಾಗಿ ಹೇಳಿಕೊಂಡರು. ಕೋಷ್ಟಕವನ್ನು ಗೋಡೆಗೆ ಅಂಟಿಸಬೇಕೆಂದು ಹಟ ಹಿಡಿದವರೂ ಗ್ಲ್ಯಾಡಿಸರೇ.

ಭಾನುವಾರ ಹನ್ನೊಂದು ಗಂಟೆಗೆ ಸಮಿತಿಯ ಅಧ್ಯಕ್ಷೆ ಬಂದರು. ಮೈಸೂರಿನವರು, ಶಿಲ್ಪಿ, ಕಡಿಮೆ ಮಾತಿನವರು. ಮೊದಲು ರೂಬನ್‌ನ ಕೋಣೆ ನೋಡಿದರು. ಅಲ್ಲಿ ಬಟ್ಟೆಗಳು, ಬಟ್ಟೆಗಳ ನಡುವೆ ನಗುವ ಶಿಷ್ಯರ ಅರುವತ್ತು ಫೋಟೋಗಳು, ಎಲ್ಲವೂ ಅಚ್ಚುಕಟ್ಟು. ಆಮೇಲೆ ರಿಝ್ವಾನಾಳ ಕೋಣೆಗೆ ಬಂದರು.

ಬಲಗಡೆ ಹನ್ನೆರಡು ಚಟ್ಟಿಗಳು ಟಿಕ್, ಟಕ್, ಟಿಣ್ ಎನ್ನುತ್ತಿದ್ದವು. ಎಡಗಡೆ ಹತ್ತು ಸುಮ್ಮನೆ ತೂಗುತ್ತಿದ್ದವು. ಅಧ್ಯಕ್ಷೆ ತುಂಬ ಹೊತ್ತು ಬಲಗಡೆ ನಿಂತು ಕೇಳಿ, ಎಡಗಡೆಗೆ ಬಂದು, ಖಾಲಿ ತಟ್ಟೆಗಳನ್ನು ನೋಡಿದರು. "ಇವು ಯಾಕೆ ಸೋರುತ್ತಿಲ್ಲ?" ಎಂದು ಕೇಳಿದರು.

ಚಿತ್ತರಂಜನರು ಅಲ್ಲೇ ಇದ್ದರು. ಅವರಿಗೆ ಹಿಂದಿನ ದಿನವೇ ಎಲ್ಲ ಗೊತ್ತಾಗಿತ್ತು, ಒಂದು ಒಳ್ಳೆಯ ವಾಕ್ಯವನ್ನೂ ಯೋಚಿಸಿಟ್ಟಿದ್ದರು. "ಅದು ಸಮುದಾಯದ ಪಾತ್ರ ಮೇಡಂ. ಕಲಾವಿದೆ ಅರ್ಧ, ಊರಿನವರು ಅರ್ಧ. ಮೊದಲೇ ಹಾಗೆ ಯೋಜನೆ ಮಾಡಿದ್ದು. ಅಲ್ವಾ ರಿಝ್ವಾನಾ?"

ಅವರು ಕಣ್ಣಿನಲ್ಲೇ 'ಹೌದು ಅನ್ನಿ' ಎಂದರು. ಹೌದು ಎಂದರೆ ಸಾಕಿತ್ತು. ವಾಕ್ಯ ಚೆನ್ನಾಗಿತ್ತು, ಚಟ್ಟಿಗಳೂ ಅದಕ್ಕೆ ಸರಿಯಾಗಿ ತೂಗುತ್ತಿದ್ದವು. ರಿಝ್ವಾನಾ ಬಾಯಿ ತೆರೆದಳು. ಫಲಿತಾಂಶ ನೋಡಿದ ಮೇಲೆ ಉದ್ದೇಶ ಬರೆಯುವವರನ್ನು ಲ್ಯಾಬಿನಲ್ಲಿ ಅವಳು ಆರು ವರ್ಷ ಬೈದುಕೊಂಡಿದ್ದಳು.

"ಇಲ್ಲ ಮೇಡಂ. ಯೋಜನೆ ಇರ್ಲಿಲ್ಲ. ಎಲ್ಲವೂ ಸೋರ್ಬೇಕಿತ್ತು. ಇವರು ನನಗೆ ಸಹಾಯ ಆಗ್ಲಿ ಅಂತ ಪಳಗಿಸಿಬಿಟ್ರು. ಕುಲುಮೆಯಲ್ಲಿ ಹನ್ನೆರಡೇ ಹಿಡಿದದ್ದು, ಇಲ್ಲದಿದ್ರೆ ಇವನ್ನೂ ಸುಡ್ತಿದ್ದೆ."

"ಅಂದರೆ ಮೂರು ತಿಂಗಳು ನೀವು ಇವರಿಗೆ ನಿಮ್ಮ ಕೆಲಸ ಏನು ಅಂತ ಹೇಳಲೇ ಇಲ್ಲ?"

"ಇಲ್ಲ."

ಚಿತ್ತರಂಜನರು ಮಾಡಿನ ಹಂಚುಗಳನ್ನು ನೋಡತೊಡಗಿದರು. ರಿಝ್ವಾನಾಳ ಮನಸ್ಸು ಆಗಲೇ ಬೈಕಂಪಾಡಿಯ ಕಂಪೆನಿ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತಿತ್ತು.

ಅಧ್ಯಕ್ಷೆ ಹೆಂಗಸರ ಕಡೆ ತಿರುಗಿದರು. "ಸೋರುತ್ತದೆ ಅಂತ ನೀವಾದರೂ ಒಂದು ಫೋನ್ ಮಾಡಿ ಹೇಳಬಹುದಿತ್ತಲ್ಲ?"

ಮೈಮೂನಾ ಒಂದು ಹೆಜ್ಜೆ ಮುಂದೆ ಬಂದರು.

"ನಾನೇ ಬೇಡ ಅಂದದ್ದು ಮೇಡಂ. ಇವಳು ನನ್ನ ಮಗಳು. ಕೆಲಸ ಹಾಳಾಯ್ತು ಅಂತ ಗೊತ್ತಾದ್ರೆ ಭಾನುವಾರದವರೆಗೂ ಕಾಯ್ಲಿಕ್ಕಿಲ್ಲ, ಆ ಪೈಂಟ್ ಕಂಪೆನಿಗೆ ಫೋನ್ ಮಾಡಿ ಬರ್ತೇನೆ ಅಂತಾಳೆ. ಆರು ವರ್ಷ ಅಲ್ಲಿಗೆ ಹೋದ್ಲು. ಸಂಜೆ ಬಂದು ಚಾ ಕುಡಿದು ಮಲಗುವುದು. ನಗ್ಲಿಕ್ಕೂ ಪುರುಸೊತ್ತಿರ್ಲಿಲ್ಲ. ಇಲ್ಲಿ ಕೈ ಕೆಸರು ಮಾಡ್ಕೊಂಡು ಬೈತಾಳೆ, ನಗ್ತಾಳೆ, ಜಗಳ ಮಾಡ್ತಾಳೆ. ನಮಗೆ ಅದು ಸಾಕು."

ರಿಝ್ವಾನಾ ತಾಯಿಯನ್ನು ನೋಡಿದಳು. ಆ ಹೂಂ ಯಾವುದರ ಹೂಂ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಉಮ್ಮಾ, ನೀವು ನನಗೆ ಹೇಳ್ಲೇ ಇಲ್ಲ."

"ನೀನು ಚಟ್ಟಿಯದ್ದು ಹೇಳಿದ್ಯಾ?" ಎಂದರು ಮೈಮೂನಾ.

ಅಧ್ಯಕ್ಷೆಯ ಗಮನ ಅಷ್ಟರಲ್ಲಿ ಗೋಡೆಯ ಕೋಷ್ಟಕಕ್ಕೆ ಹೋಗಿತ್ತು. ಇದೇನು ಎಂದು ಕೇಳಿದ್ದೇ ತಡ, ಗ್ಲ್ಯಾಡಿಸ್ ಮೊದಲ ಸ್ಥಾನದ ಬಗ್ಗೆ ವಿವರಿಸತೊಡಗಿದರು, ಮೈಮೂನಾ ನಾಲ್ಕು ಗ್ರಾಂ ಎಂದರೆ ನಾಲ್ಕೇ ಗ್ರಾಂ ಎಂದರು, ಜಲಜಕ್ಕ ತನ್ನ ಈರುಳ್ಳಿ ಊರಿನದ್ದಲ್ಲ, ಅಂಗಡಿಯವನು ಮೋಸ ಮಾಡಿದ್ದು ಎಂದರು. ಶೇಕಡಾ ಎಷ್ಟು, ತೂತು ಎಲ್ಲಿ, ಪಿಷ್ಟ ಏನು ಮಾಡುತ್ತದೆ, ಟೀಚರ್ ನಿನ್ನೆ ಮೂರು ಗಂಟೆಗೆ ಎಲ್ಲ ಹೇಗೆ ಬಿಡಿಸಿ ಹೇಳಿದರು ಎಂದು ಮೂವರೂ ಒಟ್ಟಿಗೆ ಹೇಳುತ್ತಿದ್ದರು. ಒಂದು ದಿನದ ಹಿಂದೆ ಕಲಿತವರು ಎಂದು ಯಾರಿಗೂ ಅನಿಸುವಂತಿರಲಿಲ್ಲ. ಅಧ್ಯಕ್ಷೆ ಸ್ಟೂಲು ಎಳೆದುಕೊಂಡು ಕುಳಿತು ಮುಕ್ಕಾಲು ಗಂಟೆ ಕೇಳಿದರು. ನಡುವೆ ಎರಡು ಬಾರಿ ನಕ್ಕರು.

ನಾಲ್ಕು ಗಂಟೆಗೆ ಚಿತ್ತರಂಜನರ ಕೋಣೆಯಲ್ಲಿ ಇಬ್ಬರು ಕಲಾವಿದರನ್ನೂ ಕೂರಿಸಿ ಅಧ್ಯಕ್ಷೆ ತೀರ್ಮಾನ ಹೇಳಿದರು. ರೂಬನ್‌ನ ಕೆಲಸ ಚೆನ್ನಾಗಿದೆ, ಮುಗಿದಿದೆ, ಅದನ್ನು ಬೆಂಗಳೂರಿನ ಗ್ಯಾಲರಿಯೊಂದಕ್ಕೆ ತಾನೇ ಶಿಫಾರಸು ಮಾಡುತ್ತೇನೆ. ರಿಝ್ವಾನಾಳ ಕೆಲಸ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಶುರುವಾದಂತೆ ಕಾಣುತ್ತದೆ. ಅದಕ್ಕೆ ಒಂದು ವರ್ಷ ಬೇಕು. "ಹತ್ತು ಚಟ್ಟಿ ಸಾಲದು," ಎಂದರು. "ಇನ್ನೂ ಎಷ್ಟು ಮನೆಯ ಕ್ರಮ ಉಂಟೋ ಹುಡುಕಿ."

ಅವರಿಗೂ ಕರಾವಳಿಯ 'ಉಂಟು' ಅಂಟಿಕೊಂಡಿತ್ತು. ರೂಬನ್ ರಿಝ್ವಾನಾಳ ಕೈ ಕುಲುಕಿ, ಅವಳದೊಂದು ಫೋಟೋ ತೆಗೆದ.

ಅವಳು ಹೊರಗೆ ಬಂದು ಅಯ್ಯೂಬ್ ಸರ್‌ಗೆ ಫೋನ್ ಮಾಡಿ ಕುರ್ಚಿ ಬೇರೆಯವರಿಗೆ ಕೊಡಬಹುದು ಎಂದಳು. ಎಲ್ಲ ಕೇಳಿಸಿಕೊಂಡ ಅವರು, ಆ ಗಂಜಿ ಸೀಲು ಎಷ್ಟು ದಿನ ತಡೆಯುತ್ತದೆ ಎಂದು ಕೇಳಿದರು. ಗೊತ್ತಿಲ್ಲ, ನೋಡಬೇಕು ಎಂದಳು.

ಅದನ್ನೇ ಯೋಚಿಸುತ್ತ ಸ್ಟುಡಿಯೋಗೆ ಮರಳಿದರೆ, ಹೆಂಗಸರು ಎಡಗಡೆಯ ಚಟ್ಟಿಗಳನ್ನು ಇಳಿಸಿ, ನೀರು ಚೆಲ್ಲಿ, ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಪ್ರದರ್ಶನ ಮುಗಿಯಿತಲ್ಲ, ಪಳಗಿದ ಚಟ್ಟಿಯನ್ನು ಯಾರು ಬಿಟ್ಟು ಹೋಗುತ್ತಾರೆ? ಜಲಜಕ್ಕ ಮತ್ತು ಮೈಮೂನಾ ಹತ್ತನೆಯದ್ದು ಯಾರದ್ದೆಂದು ಚರ್ಚಿಸುತ್ತಿದ್ದರು.

"ಅದು ಬೇಕು ನನಗೆ," ಎಂದಳು ರಿಝ್ವಾನಾ. "ಎಲ್ಲವೂ. ಎಷ್ಟು ದಿನ ತಡೀತದೆ ಅಂತ ನೋಡ್ಬೇಕು."

ಗ್ಲ್ಯಾಡಿಸ್ ತಮ್ಮ ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು. "ಮಣ್ಣು ನಿಮ್ಮದು ಟೀಚರ್, ಒಪ್ತೇನೆ. ಪಳಗಿಸಿದ್ದು ನಾನು. ಬೇಕಾದ್ರೆ ಎರವಲು ತಗೊಳ್ಳಿ. ಗುರುವಾರ ಸಂಜೆ ವಾಪಸ್ ಕೊಡ್ಬೇಕು, ಶುಕ್ರವಾರ ನಮ್ಮಲ್ಲಿ ಮೀನು."

ರಿಝ್ವಾನಾ ನೋಟ್‌ಬುಕ್ಕಿನ ಹೊಸ ಪುಟ ತೆರೆದು ಹತ್ತು ಚಟ್ಟಿಗಳ ಎದುರು ಹತ್ತು ಹೆಸರು ಬರೆಯತೊಡಗಿದಳು. ಹತ್ತನೆಯದ್ದರ ಹೆಸರು ಇನ್ನೂ ತೀರ್ಮಾನವಾಗಿರಲಿಲ್ಲ. ಪೆನ್ನು ಹಿಡಿದು ಕಾಯುತ್ತ ಕುಳಿತಳು.